ಉಪಾಯವೂ ಲೋಕಾಭಿಪ್ರಾಯವೂ

ಸ್ಪರ್ಧೆಯಲ್ಲಿ ಉಪಾಯವನ್ನು ಗುಣವೆಂದೆಣಿಸಬೇಕೆ, ದೋಷವೆಂದೆಣಿಸಬೇಕೆ ಎಂಬ ಹಳೆಯ ಪ್ರಶ್ನೆಯನ್ನು ಕಿರುತೆರೆಯ ಸ್ಪರ್ಧೆಗಳು ಕನ್ನಡಿಗರ ಮುಂದೆ ಮತ್ತೆ ತಂದಿಟ್ಟಿವೆ. 2013ರಲ್ಲಿ ಮೊದಲಾದ ಕನ್ನಡದ ‘ಬಿಗ್ ಬಾಸ್’ ಇವುಗಳಲ್ಲಿ ಮುಖ್ಯವಾದುದು. ಹೊರಲೋಕದ ಸಂಪರ್ಕವಿಲ್ಲದ ಒಂದು ಮನೆಯಲ್ಲಿ ಹಲವರು ಕೂಡಿ ಬಾಳುವರು. ಹೊರಬೀಳತಕ್ಕವರ ಹೆಸರನ್ನು ತಮ್ಮತಮ್ಮೊಳಗೇ ಸೂಚಿಸುವರು. ಉಳಿಯತಕ್ಕವರನ್ನು ಪ್ರೇಕ್ಷಕರ ಮತವು ನಿರ್ಣಯಿಸುವುದು. ಉಪಾಯವಿಲ್ಲದೆ ಇಲ್ಲಿ ಆಟವೇ ಇಲ್ಲ. ಆದರೂ ‘ಆಟವಾಡುತ್ತಾನೆ’ ಎಂಬ ಮಾತೇ ನೋಡುವವರ ಬಾಯಲ್ಲಿ ನಿಂದೆಯಾಗಿರುವುದು ವಿಚಾರಾರ್ಹವಾಗಿದೆ.

ಇಷ್ಟರಿಂದಲೇ ಕನ್ನಡ ಜನತೆಯು ಉಪಾಯವನ್ನು ದ್ವೇಷಿಸುವುದೆಂದು ಊಹಿಸಲಾಗದು. ಜನಪದರ ಕಾವ್ಯವೇ ಇದಕ್ಕೆ ಸಾಕ್ಷಿ. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಸೀಮೆಯು ಮಲೆಯ ಮಾದೇಶ್ವರನ ಸೀಮೆ. ದೇವರಗುಡ್ಡರು ಹಾಡುವ ಮಾದೇಶ್ವರನ ಕಥೆಯಲ್ಲಿ ‘ಮಾಯ್ಕಾರ’ನೆಂಬುದು ಸ್ವಾಮಿಯ ಬಿರುದು. ದೇವತೆಗಳನ್ನು ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಂಡ ಶ್ರವಣನನ್ನು ಆತನು ಗೆಲ್ಲುವುದು ತೋಳ್ಬಲದಿಂದಲ್ಲ, ಪಾದರಕ್ಷೆಯ ಹೂಟದಿಂದ. ಭಕ್ತರು ಇದನ್ನು ಕೇಳಿ ಹಿಗ್ಗುವರಲ್ಲದೆ ನಾಚುವುದಿಲ್ಲ. ಮೋಸಹೋದವನು ಬಲಿಷ್ಠನಾದ ಪೀಡಕನು, ಫಲವನ್ನುಂಡವರು ಸೆರೆಯಾಳುಗಳು.

ರನ್ನನ ‘ಗದಾಯುದ್ಧ’ದಲ್ಲಿ ಇದೇ ನ್ಯಾಯವು ಮಗುಚಿಕೊಳ್ಳುತ್ತದೆ. ಕಾವ್ಯನಾಯಕನು ಭೀಮನೇ ಆದರೂ, ತನ್ನವರನ್ನೆಲ್ಲ ಕಳೆದುಕೊಂಡ ದುರ್ಯೋಧನನು ಗದಾಧರ್ಮಕ್ಕೆ ಸಲ್ಲದ ತೊಡೆಯ ಪೆಟ್ಟಿನಿಂದ ಕೆಡೆದಾಗ ಸಹೃದಯರ ಮರುಕವು ಅವನತ್ತ ಹರಿಯುವುದು. ಬಿ.ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು ರುದ್ರನಾಟಕವಾಗಿ ಮಾರ್ಪಡಿಸುವುದಕ್ಕೆ ಎಡೆಯಾದುದೂ ಇದರಿಂದಲೇ. ಎಂದ ಮೇಲೆ ಲೋಕವು ತೂಗುವುದು ಉಪಾಯವನ್ನಲ್ಲ. ಅದು ಯಾರ ಮೇಲೆ, ಯಾರಿಗಾಗಿ ಎಂಬುದನ್ನು.

ಕಿರುತೆರೆಯ ಮನೆಯಲ್ಲಿ ಮೋಸಹೋಗುವವನು ಪೀಡಕನಲ್ಲ, ಒಂದೇ ಪಂಕ್ತಿಯಲ್ಲಿ ಉಂಡ ಜೊತೆಗಾರನು, ಫಲವಾದರೋ ಒಬ್ಬನದೇ. ಜನರ ಅಸಹ್ಯಕ್ಕೆ ಕಾರಣವುಂಟು. ಆದರೆ ನಿಯಮಕ್ಕೆ ತಗಲಬೇಕಾದ ದೋಷವು ಸ್ಪರ್ಧಿಗೆ ತಗಲುತ್ತದೆ. ಆದುದರಿಂದ ಸ್ಪರ್ಧಿಗಳು ಉಪಾಯವನ್ನು ಮುಗ್ಧತೆಯ ಮರೆಯಲ್ಲಿಡಲು ಕಲಿಯುವರು, ಪ್ರೇಕ್ಷಕರು ಮುಗ್ಧತೆಯನ್ನೇ ಅರಸುವರು. 11ನೆಯ ಆವೃತ್ತಿಯ ನಡುವೆ ಪ್ರವೇಶಿಸಿದ ಗಾಯಕ ಹನುಮಂತನು 2025ರ ಜನವರಿಯಲ್ಲಿ ಗೆದ್ದಾಗ ಕೇಳಿಬಂದ ಪ್ರಶಂಸೆಯಲ್ಲಿ ಆತನ ಹಳ್ಳಿಯ ಸರಳತೆಯೇ ಮುಂದಾಗಿತ್ತು. ಆ ಸರಳತೆಯನ್ನು ಸಂಶಯಿಸಲು ಕಾರಣವಿಲ್ಲ. ಆದರೆ ಅಷ್ಟು ಜನರ ನಡುವೆ ನಿಂತು ಗೆದ್ದವನಲ್ಲಿ ಸರಳತೆಯೊಂದನ್ನೇ ಕಾಣುವ ಹೊಗಳಿಕೆಯು ಅವನ ಬುದ್ಧಿಯನ್ನು ಅಲ್ಲಗಳೆದಂತಾಗುವುದು. ಹಳ್ಳಿಗನು ಜಾಣನಾಗಿರಲಾರನೆಂಬ ಪಟ್ಟಣಿಗರ ಭಾವನೆಯು ಅದರೊಳಗೆ ಅಡಗಿದೆ.

ಮಲೆಯ ಹಾಡುಗಾರರಲ್ಲಿ ಈ ಗೊಂದಲವಿಲ್ಲ. ತಮ್ಮ ದೇವರನ್ನು ಅವರು ಮುಗ್ಧನೆಂದು ಹೊಗಳಲಿಲ್ಲ. ಮಾಯ್ಕಾರನೆಂದೇ ಕರೆದು ಕೈಮುಗಿದರು. ಜಾಣ್ಮೆಯನ್ನು ಜಾಣ್ಮೆಯೆಂದೊಪ್ಪಿ, ಅದರ ಗುರಿಯಿಂದ ಅದನ್ನು ಅಳೆಯುವ ಆ ವಿವೇಕವು ಇಂದಿನ ಪ್ರೇಕ್ಷಕರಿಗೂ ವಿಮರ್ಶಕರಿಗೂ ಅನುಸರಣೀಯವಾಗಿದೆ.