ಆಮ್ಲ, ಪ್ರತ್ಯಾಮ್ಲ, ಆಮ್ಲಜನಕ: ಕೆಲವು ಪಾರಿಭಾಷಿಕ ಪದಗಳ ವಿಮರ್ಶೆ

ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುವ ಪ್ರಸ್ತಾಪ ಬಂದಾಗಲೆಲ್ಲ ಪಾರಿಭಾಷಿಕ ಪದಗಳ ಕ್ಲಿಷ್ಟತೆಯನ್ನು ಕುರಿತ ಆಕ್ಷೇಪವೇ ಮುಂದಾಗುತ್ತದೆ. ಆದರೆ ಕ್ಲಿಷ್ಟವಾದ ಪದಕ್ಕಿಂತಲೂ, ಸುಲಭವಾಗಿ ಅರ್ಥವಾಗಿ ತಪ್ಪು ದಾರಿಗೆಳೆಯುವ ಪದದಿಂದಲೇ ಹೆಚ್ಚಿನ ಅಪಾಯವುಂಟು. ‘ಆಮ್ಲಜನಕ’ವು ಅಂತಹದೊಂದು ಪದ.

ಆಕ್ಸಿಜನ್ ಎಂಬ ಹೆಸರನ್ನು ಗ್ರೀಕ್ ಧಾತುಗಳಿಂದ ಕಟ್ಟಿದವನು ಫ್ರಾನ್ಸಿನ ಲವಾಸಿಯೇ. ಆಮ್ಲಗಳೆಲ್ಲಕ್ಕೂ ಈ ಅನಿಲವೇ ಮೂಲವೆಂದು ಆತನು ನಂಬಿದ್ದನು. 1787ರ ನಾಮಕರಣ ಪದ್ಧತಿಯು ಆ ನಂಬಿಕೆಯನ್ನು ಸ್ಥಿರಗೊಳಿಸಿತು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಜಲಜನಕ ಮತ್ತು ಕ್ಲೋರಿನ್‌ಗಳ ಹೊರತು ಬೇರೇನೂ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ಪ್ರತಿಪಾದಿಸಿದ ಮೇಲೆ ಸಿದ್ಧಾಂತವು ಉರುಳಿತು, ಹೆಸರು ಮಾತ್ರ ಉಳಿಯಿತು. ಇಂಗ್ಲಿಷಿನ ವಿದ್ಯಾರ್ಥಿಗೆ ಆ ಗ್ರೀಕ್ ಅರ್ಥ ಕೇಳಿಸುವುದಿಲ್ಲ. ನಮ್ಮ ವಿದ್ಯಾರ್ಥಿಗೆ ಪ್ರತಿ ಸಲವೂ ಕೇಳಿಸುತ್ತದೆ. ವಿಗ್ರಹವಾಕ್ಯವನ್ನೇ ಲಕ್ಷಣವೆಂದು ಭಾವಿಸಿದವನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿಯೂ ಆಮ್ಲಜನಕವನ್ನು ಹುಡುಕಿದರೆ ದೋಷ ಅವನದಲ್ಲ. ‘ಜಲಜನಕ’ವಾದರೋ ನಿರ್ದುಷ್ಟವಾದ ಹೆಸರು, ಅದು ಉರಿದರೆ ನೀರೇ ಹುಟ್ಟುತ್ತದೆ. ನ್ಯಾಯವಾಗಿ ನೋಡಿದರೆ ಆಮ್ಲದ ಜನಕತ್ವವೂ ಅದಕ್ಕೇ ಸಲ್ಲತಕ್ಕದ್ದು! ಪತ್ರಿಕೆ, ಆಸ್ಪತ್ರೆಗಳವರೆಗೆ ಬೇರೂರಿರುವ ಪದವನ್ನು ಈಗ ಕೀಳಲಾಗದು. ಆದರೆ ಅದನ್ನು ಮೊದಲು ಹೇಳುವ ಪಾಠದಲ್ಲಿಯೇ ಡೇವಿಯ ವಿಚಾರವನ್ನೂ ಹೇಳುವುದು ಅಧ್ಯಾಪಕನಿಗೆ ಸಾಧ್ಯ.

‘ಕ್ಷಾರ’ವು ಹಳೆಯ ಪದ. ಸಸ್ಯಭಸ್ಮವನ್ನು ನೀರಿನಲ್ಲಿ ಕಲಸಿ ಸೋಸಿ, ಸುಟ್ಟ ಸುಣ್ಣದಂಥ ದ್ರವ್ಯಗಳನ್ನು ಸೇರಿಸಿ ತೀಕ್ಷ್ಣಗೊಳಿಸುವ ವಿಧಾನವು ಸುಶ್ರುತಸಂಹಿತೆಯಲ್ಲಿದೆ; ಅದರಿಂದಾದ ಉರಿಯನ್ನು ಹುಳಿಯಿಂದ ಶಮನಗೊಳಿಸಬೇಕೆಂಬ ಮಾತೂ ಅಲ್ಲಿದೆ. ಇಂದು ತಟಸ್ಥೀಕರಣವೆಂದು ಕರೆಯುವ ಕ್ರಿಯೆಯ ಅನುಭವ ಇದರಲ್ಲಿ ಸ್ಪಷ್ಟವಾಗಿದೆ. ಆದರೂ ಈ ಪದವು ಎಲ್ಲೆಡೆಗೂ ಸಾಲದು. ತಾಮ್ರದ ಆಕ್ಸೈಡು ನೀರಿನಲ್ಲಿ ಕರಗದು, ಕೈಗೆ ಜಾರದು. ಆದರೂ ಸಲ್ಫ್ಯೂರಿಕ್ ಆಮ್ಲದೊಡನೆ ಕೂಡಿ ಲವಣವನ್ನೂ ನೀರನ್ನೂ ಕೊಡುತ್ತದೆ. ಇಂತಹವುಗಳನ್ನೂ ಒಳಗೊಳ್ಳಲು ‘ಪ್ರತ್ಯಾಮ್ಲ’ ಬೇಕಾಯಿತು. ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಮಾತ್ರ ಕ್ಷಾರವೆಂಬ ಹೆಸರನ್ನು ಮೀಸಲಿಟ್ಟಿರುವುದು ಯುಕ್ತವಾಗಿಯೇ ಇದೆ.

‘ಪ್ರತಿ’ ಎಂಬುದು ವಿರೋಧವನ್ನು ಸೂಚಿಸುವುದರಿಂದ ಈ ಪದವು ಸಂಕುಚಿತವೆಂದು ಕೆಲವರು ಹೇಳಬಹುದು. ಪ್ರತಿಬಿಂಬವು ಬಿಂಬದ ಶತ್ರುವೇನು? 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಮಂಡಿಸಿದ ಸಿದ್ಧಾಂತದಂತೆ ಪ್ರೋಟಾನನ್ನು ಕೊಡುವುದು ಆಮ್ಲ, ಕೊಂಡದ್ದು ಪ್ರತ್ಯಾಮ್ಲ. ನೀರು ಅಮೋನಿಯದೆದುರು ಆಮ್ಲ, ಹೈಡ್ರೊಜನ್ ಕ್ಲೋರೈಡಿನೆದುರು ಪ್ರತ್ಯಾಮ್ಲ. ಈ ಸಾಪೇಕ್ಷತೆಯನ್ನು ನಮ್ಮ ಉಪಸರ್ಗವು ಸಹಜವಾಗಿ ಹೊರುತ್ತದೆ. ಲವಣಕ್ಕೆ ‘ತಳಹದಿ’ ಎಂಬ ಭಾವದಿಂದ 1754ರಲ್ಲಿ ರುಯೆಲ್ ಬಳಕೆಗೆ ತಂದ ಯೂರೋಪಿನ ‘ಬೇಸ್’ ಪದಕ್ಕೆ ಆ ಗುಣವಿಲ್ಲ.

‘ಉತ್ಕರ್ಷಣ’, ‘ಅಪಕರ್ಷಣ’ಗಳ ವಿಷಯದಲ್ಲಿಯೂ ಇದೇ ಲಾಭವುಂಟು. ಇಂಗ್ಲಿಷಿನ ‘ಆಕ್ಸಿಡೇಶನ್’ ಪದವು ಆಕ್ಸಿಜನ್ನಿಗೆ ಕಟ್ಟುಬಿದ್ದಿದೆ. ಕಬ್ಬಿಣದ ಮೊಳೆಯನ್ನು ಮೈಲುತುತ್ತದ ದ್ರಾವಣದಲ್ಲಿ ಅದ್ದಿದಾಗ ಆಮ್ಲಜನಕದ ವಿನಿಮಯವೇ ಇಲ್ಲ. ಕಬ್ಬಿಣದ ಉತ್ಕರ್ಷಣಾಂಕ ಸೊನ್ನೆಯಿಂದ ಎರಡಕ್ಕೆ ಏರುತ್ತದೆ, ತಾಮ್ರದ್ದು ಎರಡರಿಂದ ಸೊನ್ನೆಗೆ ಇಳಿಯುತ್ತದೆ. ಪದಗಳ ಅರ್ಥವೂ ಏರಿಳಿತಗಳೇ ಆಗಿರುವುದರಿಂದ ಇಲ್ಲಿ ಪದವೇ ಪಾಠಕ್ಕೆ ನೆರವಾಗುತ್ತದೆ.