ಕರೆದವರ ಹಂಡೆ ಚಿಕ್ಕದಾದಾಗ

2024ರ ನವೆಂಬರ್ 15ರಂದು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ 58ರ ಮೈಕ್ ಟೈಸನ್, 27ರ ಜೇಕ್ ಪಾಲ್ ಸೆಣಸಿದರು. ನೆಟ್‌ಫ್ಲಿಕ್ಸ್‌ನ ನೇರಪ್ರಸಾರ ಅನೇಕರ ಪರದೆಯಲ್ಲಿ ಮಸುಕಾಯಿತು, ನಿಂತೇಹೋಯಿತು. ಕಂಪೆನಿಯ ಲೆಕ್ಕದಂತೆ ಏಕಕಾಲಕ್ಕೆ 6.5 ಕೋಟಿ ಸ್ಟ್ರೀಮ್‌ಗಳಿದ್ದವು.

ಸಿನಿಮಾವನ್ನಾದರೆ ಮೊದಲೇ ಊರೂರ ಸರ್ವರ್‌ಗಳಲ್ಲಿ ತುಂಬಿಡಬಹುದು. ನೇರಪ್ರಸಾರದಲ್ಲಿ ಆಗಷ್ಟೇ ನಡೆದದ್ದನ್ನು ಕೆಲವೇ ಸೆಕೆಂಡುಗಳ ತುಣುಕು ಮಾಡಿ ಕಳಿಸಬೇಕು; ತುಣುಕು ತಡವಾದರೆ ಬಫರಿಂಗ್. ರೇಡಿಯೊ ಅಲೆಗೆ ಕೇಳುಗರು ಎಷ್ಟಾದರೂ ಭಾರವಿಲ್ಲ. ಸ್ಟ್ರೀಮಿಂಗ್‌ನಲ್ಲಿ ಮನೆಮನೆಗೂ ಬೇರೆ ಬೇರೆ ಕೊಡ ಹೊರಬೇಕು.

ಇದನ್ನು ಬಲ್ಲವರೇ ಎಲ್ಲರನ್ನೂ ಒಂದೇ ಗಳಿಗೆಗೆ ಕರೆದರು. ದಾವತ್‌ಗೆ ಊರನ್ನೆಲ್ಲ ಕರೆದು, ಹಂಡೆ ಚಿಕ್ಕದಾದರೆ ಹಸಿದವರನ್ನು ದೂರಲಾದೀತೇ? ನಮ್ಮ ಆಕ್ಷೇಪ ತಂತ್ರಜ್ಞಾನದ ಮೇಲಲ್ಲ, ಆ ಎಣಿಕೆಯ ಹೆಮ್ಮೆಯ ಮೇಲೆ. ಮಸುಕು ಪರದೆಯ ಮುಂದೆ ಕುಳಿತವರನ್ನೂ ಅದು ಉಂಡವರೆಂದೇ ಲೆಕ್ಕಹಾಕುತ್ತದೆ.