ಕೈಯಾರೆ ಮಾಡಿದ ಪತ್ರಿಕೆ

‘ಕೈಯಲ್ಲಿ ಮಾಡಿದ ಪತ್ರಿಕೆಗೆ ವಿಮರ್ಶೆ ಏಕೆ? ಹವ್ಯಾಸಕ್ಕೆ ಮಾಡಿದ್ದು, ಬೆನ್ನು ತಟ್ಟಿದರೆ ಸಾಕು’ ಎನ್ನುವವರಿದ್ದಾರೆ. ಈ ಔದಾರ್ಯದೊಳಗೆ ತುಸು ತಾತ್ಸಾರವೂ ಅಡಗಿದೆಯೆಂದು ನನ್ನ ಅನುಮಾನ. ಓದಲೆಂದು ಇನ್ನೊಬ್ಬರ ಕೈಗಿತ್ತ ಮೇಲೆ ಅದು ಓದುಗನ ತೀರ್ಮಾನಕ್ಕೂ ಒಳಪಡಬೇಕಷ್ಟೆ.

ಇಂಥವನ್ನು ಇಂಗ್ಲಿಷಿನವರು ‘ಝೀನ್’ ಎನ್ನುತ್ತಾರೆ. ಮೂಲಪದ ‘ಫ್ಯಾನ್‌ಝೀನ್’, 1940ರಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಅಭಿಮಾನಿಗಳ ವಲಯದಲ್ಲಿ ಹುಟ್ಟಿತು. ಈ ಜಾತಿಯಲ್ಲಿ ಬಹಳ ಹೆಸರಾದದ್ದು ಲಂಡನ್ನಿನ ‘ಸ್ನಿಫಿನ್ ಗ್ಲೂ’. 1976ರ ಜುಲೈನಲ್ಲಿ ಮಾರ್ಕ್ ಪೆರಿ ಎಂಬ ಹರೆಯದ ಬ್ಯಾಂಕ್ ಗುಮಾಸ್ತ ಪಂಕ್ ಸಂಗೀತದ ಹುಚ್ಚಿನಿಂದ ಅದನ್ನು ಹೊರಡಿಸಿದ. ಬೆರಳಚ್ಚಿನಲ್ಲಿ ಕುಟ್ಟಿದ ಲೇಖನ, ದಪ್ಪ ಪೆನ್ನಿನಿಂದ ಗೀಚಿದ ತಲೆಬರಹ, ಹೊಡೆದುಹಾಕಿದ ತಪ್ಪುಗಳು ಎಲ್ಲವೂ ಇದ್ದ ಹಾಗೆಯೇ ಪ್ರತಿಯಾದವು.

ಬರವಣಿಗೆ? ಬಹುಪಾಲು ಒರಟು. ಮೆಚ್ಚಿದ್ದಕ್ಕೆ ಕೇಕೆ, ಮೆಚ್ಚದ್ದಕ್ಕೆ ಬೈಗುಳ. ಕಾರಣ ಕೊಡುವ ತಾಳ್ಮೆ ಕಡಿಮೆ. ಒರಟುತನವೇ ಪ್ರಾಮಾಣಿಕತೆಯೆಂದು ಹೊಗಳುವುದನ್ನು ನಾನೊಪ್ಪಲಾರೆ. ಆದರೆ ‘ನಾವು ಬರೆದದ್ದರಲ್ಲೇ ತೃಪ್ತರಾಗಬೇಡಿ, ನೀವೂ ಒಂದು ಪತ್ರಿಕೆ ಮಾಡಿ’ ಎಂಬರ್ಥದ ಮಾತನ್ನು ಆತ ಓದುಗರಿಗೆ ಹೇಳಿದ. ಚಂದಾ ಕಟ್ಟಿಸಿಕೊಳ್ಳುವ ಯಾವ ಸಂಪಾದಕನ ಬಾಯಲ್ಲಿ ಈ ಮಾತು ಬಂದೀತು? ಪ್ರತಿಗಳು ಸಾವಿರಗಟ್ಟಲೆ ಹೋಗತೊಡಗಿದಾಗ, 1977ರಲ್ಲಿ, ಪತ್ರಿಕೆಯನ್ನೇ ನಿಲ್ಲಿಸಿಬಿಟ್ಟ. (ಗಿಟಾರಿನ ಮೂರು ಪಟ್ಟುಗಳನ್ನು ತೋರಿಸಿ ಇನ್ನು ತಂಡ ಕಟ್ಟಿ ಎನ್ನುವ ಪ್ರಸಿದ್ಧ ಚಿತ್ರವನ್ನು ಹಲವರು ಇದರ ಲೆಕ್ಕಕ್ಕೆ ಸೇರಿಸುತ್ತಾರೆ. ಅದು 1977ರ ಜನವರಿಯ ‘ಸೈಡ್‌ಬರ್ನ್ಸ್’ ಪತ್ರಿಕೆಯದು.)

ಇಂದಿನ ಹವ್ಯಾಸಿಗಳಿಗೆ ಪ್ರಿಯವಾದದ್ದು ಒಂದೇ ಹಾಳೆಯ ಪುಸ್ತಕ. ಹಾಳೆಯನ್ನು ಎಂಟು ಭಾಗವಾಗಿ ಮಡಚಿ, ನಡುವೆ ಒಂದು ಸೀಳು ಕತ್ತರಿಸಿ, ಮತ್ತೆ ಮಡಚಿದರೆ ಎಂಟು ಪುಟ. ದಾರ ಬೇಡ, ಪಿನ್ನು ಬೇಡ. ಬರಹವೆಲ್ಲ ಒಂದೇ ಮಗ್ಗುಲಲ್ಲಿರುವುದರಿಂದ ಬಿಡಿಸಿಟ್ಟು ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಮುಖಪುಟ, ಬೆನ್ನುಪುಟ ಕಳೆದರೆ ಉಳಿಯುವುದು ಆರೇ ಪುಟ. ಮುನ್ನುಡಿಗೆ ಎಡೆಯಿಲ್ಲ, ಅದೇ ಒಂದು ಪುಣ್ಯ! ಆದರೂ ಬಣ್ಣದ ಕಾಗದ, ಅಂಟುಪಟ್ಟಿ, ಒಣಹೂಗಳ ಶೃಂಗಾರದಲ್ಲಿ ಆ ಆರು ಪುಟವನ್ನೂ ಕಳೆದುಬಿಡುವವರಿದ್ದಾರೆ. ಕೈಗೆಲಸ ಚೆಲುವಾಗಿದೆ, ಹೇಳುವುದೇನೂ ಇಲ್ಲ.

ನಮ್ಮ ಹಾಸ್ಟೆಲು, ಕಾಲೇಜುಗಳ ಕೈಬರಹದ ಪತ್ರಿಕೆಗಳ ರೀತಿಯೇ ಬೇರೆ. ಇದ್ದದ್ದು ಒಂದೇ ಪ್ರತಿ; ಅದೇ ಕೈಯಿಂದ ಕೈಗೆ ಹೋಗಬೇಕು. ಕೊನೆಯಲ್ಲಿ ಅಭಿಪ್ರಾಯಕ್ಕೆಂದು ಖಾಲಿ ಹಾಳೆ ಬಿಡುವ ರೂಢಿಯೂ ಇತ್ತು. ನೂರು ಪ್ರತಿ ಹಂಚುವ ಝೀನಿಗೆ ಈ ಭಾಗ್ಯವಿಲ್ಲ. ಓದುಗನ ಜಗಳ ಬರಹದ ಪಕ್ಕದಲ್ಲೇ ಉಳಿಯುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ಬರಿಯ ಹವ್ಯಾಸದ ಪ್ರಶ್ನೆಯಲ್ಲ. ಮನೆಯಲ್ಲಿ ಕನ್ನಡವಾಡಿ, ಬರೆಯಲು ಕೂತೊಡನೆ ಇಂಗ್ಲಿಷಿಗೆ ಜಾರುವ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಆರು ಪುಟಕ್ಕೆ ಅವರು ಹೆದರುವುದಿಲ್ಲ. ಹೆದರಿಸುವವರು ನಾವು. ಒತ್ತಕ್ಷರ ತಿದ್ದೋಣ, ಆಕ್ಷೇಪವಿಲ್ಲ. ಆದರೆ ಲೋಕಲ್ ರೈಲಿನ ನೂಕುನುಗ್ಗಲನ್ನೋ ಪಕ್ಕದ ಮನೆಯ ನಾಯಿಯನ್ನೋ ಕುರಿತು ಬರೆದ ಹುಡುಗಿಯ ಹಾಳೆ ಕಿತ್ತುಕೊಂಡು, ಅಲ್ಲಿ ನಾಡಿನ ಹಿರಿಮೆ ಬರೆಸಿ, ಎರಡನೆಯ ಪುಟಕ್ಕೆ ಅಧ್ಯಕ್ಷರ ಶುಭಸಂದೇಶವನ್ನೂ ಅಂಟಿಸಿದರೆ ಅವಳಿಗೆ ಉಳಿಯುವುದು ಐದೇ ಪುಟ, ಅವೂ ಅವಳವಲ್ಲ.